ಹನ್ನೊಂದು ಊರುಗಳಿಗೆ ಎಣಿಸುತ್ತಿದ್ದವರು

ಅವರ ಮುಖ ನೋಡುವುದಕ್ಕೆ ಒಂದೂವರೆ ವರ್ಷ ಮೊದಲೇ ಅವರ ಬೈಗುಳ ಕೇಳಿದ್ದೆ. ಬೈದದ್ದು ನನ್ನನ್ನಲ್ಲ, ಯಾವನೋ ರೆಫರಿಯನ್ನು. ಹನ್ನೊಂದು ಊರಿನ ಟಿವಿ ಸ್ಟೇಷನ್ನಿನವರು ಫೋನಿಗೆ ಕಿವಿಗೊಟ್ಟು ಕೂತಿದ್ದಾಗ ಒಂದು ಹೆಣ್ಣು ದನಿ ಅಚ್ಚ ಮೈಸೂರು ಕನ್ನಡದಲ್ಲಿ, "ಕಣ್ಣೇನು ಜೇಬಲ್ಲಿಟ್ಕೊಂಡು ಬಂದಿದ್ಯೇನೋ ಮುಠ್ಠಾಳ!" ಎಂದಿತು. ಮರುಕ್ಷಣ ಅದೇ ದನಿ ಇಂಗ್ಲಿಷಿಗೆ ಹೊರಳಿ, ಬಹಳ ಮರ್ಯಾದೆಯಿಂದ, "ಸ್ಟೇಷನ್ಸ್, ಬ್ರೇಕ್ ಇನ್ ಟೆನ್" ಎಂದು ಎಣಿಸತೊಡಗಿತು. ಅಮೆರಿಕದ ಡರ್ಹಮ್‌ನ ನಮ್ಮ ಅಡುಗೆಮನೆಯಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತಿದ್ದ ನಾನು ಮೈಮೇಲೆಲ್ಲ ಕಾಫಿ ಚೆಲ್ಲಿಕೊಂಡೆ.

2020ರ ಚಳಿಗಾಲ ಅದು. ಊರಿಗೆ ಊರೇ ಮನೆಯೊಳಗೆ ಕೂತಿತ್ತು. ನನಗೆ ಹೊಸದಾಗಿ ಕೆಲಸ ಸಿಕ್ಕಿತ್ತು, ಆಫೀಸನ್ನು ಮಾತ್ರ ಕಣ್ಣಿಂದ ನೋಡಿರಲಿಲ್ಲ. ಕಂಪನಿಯ ಕಸುಬು ಏನೆಂದು ಹಾಸನದಲ್ಲಿದ್ದ ನಮ್ಮ ಅತ್ತೆಗೆ ಹೀಗೆ ವಿವರಿಸಿದ್ದೆ: ಡೇರಿಯವರು ಊರೂರಿನ ಹಾಲು ತಂದು ಹಂಚಿದ ಹಾಗೆ ನಾವು ಕಾಲೇಜು ಹುಡುಗ ಹುಡುಗಿಯರ ಬಾಸ್ಕೆಟ್‌ಬಾಲ್ ಮ್ಯಾಚನ್ನು ಕ್ಯಾರೊಲೈನಾ, ಜಾರ್ಜಿಯಾದ ಸಣ್ಣ ಸಣ್ಣ ಟಿವಿ ಸ್ಟೇಷನ್‌ಗಳಿಗೆ ಹಂಚುತ್ತೇವೆ. ಮ್ಯಾಚು ಒಂದೇ, ತೋರಿಸುವ ಊರು ಹನ್ನೊಂದು. ನಡುನಡುವೆ ಬರುವ ಬ್ರೇಕಿನಲ್ಲಿ ಪ್ರತಿ ಊರಿನವರೂ ತಮ್ಮ ಊರಿನ ಟೈರ್ ಅಂಗಡಿ, ಹಲ್ಲಿನ ಡಾಕ್ಟರು, ಸೋಫಾ ಮಳಿಗೆಯ ಜಾಹೀರಾತು ಹಾಕಿಕೊಳ್ಳುತ್ತಾರೆ. ಅತ್ತೆ ಎಲ್ಲ ಕೇಳಿಸಿಕೊಂಡು, "ಹಾಲಾದ್ರೆ ಕಾಫಿಗಾದ್ರೂ ಆಗೋದು" ಎಂದಿದ್ದರು.

ಹನ್ನೊಂದು ಕಡೆಯೂ ಒಂದೇ ಸೆಕೆಂಡಿಗೆ ಗುಂಡಿ ಒತ್ತಬೇಕಲ್ಲ, ಅದಕ್ಕೊಂದು ಫೋನ್ ಲೈನ್ ಇತ್ತು. ಮ್ಯಾಚ್ ಶುರುವಾಗುವ ಮುನ್ನ ಎಲ್ಲ ಸ್ಟೇಷನ್‌ಗಳ ಆಪರೇಟರುಗಳೂ ಆ ನಂಬರಿಗೆ ಡಯಲ್ ಮಾಡಿ ಕಾಯುತ್ತಿದ್ದರು. ನಮ್ಮ ಕಡೆಯಿಂದ ಒಬ್ಬರು ಆಟ ನೋಡುತ್ತ ಹತ್ತರಿಂದ ಒಂದಕ್ಕೆ ಎಣಿಸುತ್ತಿದ್ದರು. ಒಂದು ಎಂದ ಕೂಡಲೇ ಹನ್ನೊಂದು ಬೆರಳು ಹನ್ನೊಂದು ಗುಂಡಿ ಒತ್ತಬೇಕು. ಬೇಗ ಒತ್ತಿದರೆ ಬಾಲು ಗಾಳಿಯಲ್ಲಿರುವಾಗಲೇ ಟೈರ್ ಅಂಗಡಿ ಬಂದುಬಿಡುತ್ತದೆ. ತಡವಾದರೆ ಪರದೆ ಕಪ್ಪಾಗಿ ಊರಿನವರ ಫೋನು ಶುರುವಾಗುತ್ತದೆ. ಆ ಎಣಿಸುವವರೇ ಇವರು. ಹೆಸರು ಬರೆಯಕೂಡದೆಂದು ತಾಕೀತು ಮಾಡಿದ್ದಾರೆ. "ಬರಿ ಬೇಟಾ, ಏನ್ ಬೇಕಾದ್ರೂ ಬರಿ. ಹೆಸ್ರು ಮಾತ್ರ ಬೇಡ. ಮೈಸೂರಲ್ಲಿ ನನ್ ಕ್ಲಾಸ್‌ಮೇಟ್ಸ್ ಎಲ್ಲ ಕೂತ್ಕೊಂಡು ವಯಸ್ಸು ಲೆಕ್ಕ ಹಾಕ್ತಾರೆ" ಎಂಬುದು ಅವರು ಕೊಟ್ಟ ಕಾರಣ. ನಾನು ಆಂಟಿ ಎನ್ನುತ್ತಿದ್ದೆ, ಇಲ್ಲೂ ಆಂಟಿ ಎಂದೇ ಇರಲಿ.

ಬೈಗುಳ ಕೇಳಿದ ಎರಡು ವಾರಕ್ಕೆ ನಾನೇ ಅವರಿಗೆ ಫೋನ್ ಮಾಡಬೇಕಾಯಿತು. ಯಾವ ಊರಿನಲ್ಲಿ ಜಾಹೀರಾತು ತಪ್ಪಿತು, ಯಾಕೆ ತಪ್ಪಿತು ಎಂದು ಪಟ್ಟಿ ಮಾಡುವುದು ನನ್ನ ಕೆಲಸ. ಬೆಟ್ಟದ ಕಡೆಯ ಒಂದು ಸಣ್ಣ ಸ್ಟೇಷನ್ನಿನಲ್ಲಿ ಆಟ ರಂಗೇರಿರುವಾಗಲೇ ಟೈರ್ ಅಂಗಡಿ ಬಂದುಬಿಟ್ಟಿತ್ತು. ಅಲ್ಲಿನ ಆಪರೇಟರ್ ಡ್ವೇನ್ ಎಂಬಾತ ಪಾಪದ ಮನುಷ್ಯ, ಲೈನಿನಲ್ಲಿ ಸೀಟಿ ಕೇಳಿಸಿತು, ಆಟ ನಿಂತಿತು ಅಂದುಕೊಂಡು ಒತ್ತಿದೆ ಎಂದು ಬರೆದುಕೊಟ್ಟಿದ್ದ. ಟೇಪ್ ನೋಡಿದರೆ ಆ ಹೊತ್ತಿನಲ್ಲಿ ರೆಫರಿ ಸೀಟಿಯನ್ನೇ ಊದಿಲ್ಲ. ನಾನು ಆಫೀಸು ಇಂಗ್ಲಿಷಿನಲ್ಲಿ ನಯವಾಗಿ ವಿಚಾರಿಸಿದೆ.

"ನಿನ್ ಹೆಸ್ರು ನೋಡಿದ್ರೆ ನಮ್ ಕಡೆಯವಳ ಥರ ಇದೆ. ಕನ್ನಡ ಬರುತ್ತಾ?" ಎಂದರು.

"ಬರುತ್ತೆ ಆಂಟಿ. ಅವತ್ತು ನೀವು ರೆಫರಿಗೆ ಬೈದಿದ್ದೂ ಅರ್ಥ ಆಯ್ತು."

"ಯಾ ಅಲ್ಲಾ! ಇಷ್ಟು ವರ್ಷ ಯಾರಿಗೂ ತಿಳಿಯಲ್ಲ ಅಂತ ಆರಾಮಾಗಿ ಬೈಕೊಂಡಿದ್ದೆ. ನೀನು ಬಂದು ಹಾಳ್ ಮಾಡಿದ್ಯಲ್ಲೇ." ಆಮೇಲೆ ದನಿ ತಗ್ಗಿಸಿ ಹೇಳಿದರು. "ಆ ಸೀಟಿ ನಮ್ಮನೇದು ಕಣೆ. ಕುಕ್ಕರ್. ನಾನು ಬಟ್ಟೆ ಬೀರು ಒಳಗೆ ಕೂತ್ಕೊಂಡು ಕೌಂಟ್ ಮಾಡ್ತಿದೀನಿ, ನಮ್ಮನೆಯವರು ಬೇಳೆ ಬೇಯಕ್ಕೆ ಇಟ್ಟಿದಾರೆ. ಅದೇನು ಪ್ರಾಣ ಹೋಗೋ ಥರ ಕೂಗ್ತು ಅಂತೀಯ!"

ಬಟ್ಟೆ ಬೀರು ಎಂದದ್ದು ತಮಾಷೆಗಲ್ಲ. ಆ ವರ್ಷ ದನಿ ಪ್ರತಿಧ್ವನಿಸಬಾರದೆಂದು ಅವರು ಬೀರಿನೊಳಗೆ, ಗಂಡನ ಕೋಟುಗಳ ನಡುವೆ ಒಂದು ಸ್ಟೂಲ್ ಹಾಕಿಕೊಂಡು ಕೂರುತ್ತಿದ್ದರು. ಗಂಡ ಫಾರ್ಮಸಿಯಲ್ಲಿ ಕೆಲಸ ಮಾಡಿ ನಿವೃತ್ತರಾದ ಮೌನಿ. ಆ ಘಟನೆಯ ಮೇಲೆ ಮ್ಯಾಚಿನ ದಿನ ಅವರ ಮನೆಯಲ್ಲಿ ಕುಕ್ಕರ್ ನಿಷೇಧವಾಯಿತು. ನನ್ನ ಪಟ್ಟಿಯಲ್ಲಿ ಕಾರಣ ಎಂಬ ಜಾಗದಲ್ಲಿ ನಾನು 'ಬೇಳೆ' ಎಂದು ಇಂಗ್ಲಿಷಿನಲ್ಲಿ ತುಂಬಿದೆ. ಅಟ್ಲಾಂಟಾದ ಹೆಡ್ ಆಫೀಸಿನಿಂದ ಇವತ್ತಿನವರೆಗೂ ಯಾರೂ ಅದೇನೆಂದು ಕೇಳಿಲ್ಲ.

ಆಫೀಸು ತೆರೆದ ಮೇಲೆ ಮುಖ ಕಂಡೆ. ಆರಡಿಗೆ ಎರಡೇ ಇಂಚು ಕಡಿಮೆ ಎತ್ತರ, ತಲೆಗೆ ಸಡಿಲವಾಗಿ ಸುತ್ತಿದ ದುಪಟ್ಟಾ, ಕಾಲಿಗೆ ಬಿಳಿ ಸ್ಪೋರ್ಟ್ಸ್ ಶೂ. ಮಾನಿಟರ್ ಮುಂದೆ ಕುರ್ಚಿ ಇದ್ದರೂ ಕೂರುತ್ತಿರಲಿಲ್ಲ. ಆಟ ಬಲಕ್ಕೆ ಹೋದರೆ ತಾವೂ ಎರಡು ಹೆಜ್ಜೆ ಬಲಕ್ಕೆ, ಎಡಕ್ಕೆ ಬಂದರೆ ಎಡಕ್ಕೆ. ಹೆಡ್‌ಸೆಟ್ಟಿನ ವೈರು ಹಿಂದಿನಿಂದ ಎಳೆಯುತ್ತಿತ್ತು. ಎರಡು ಸಲ ಹೆಡ್‌ಸೆಟ್ ಕಿತ್ತುಬಂದ ಮೇಲೆ ಎಂಜಿನಿಯರ್ ಬೇಸತ್ತು ಇಪ್ಪತ್ತು ಅಡಿಯ ವೈರು ಹಾಕಿಕೊಟ್ಟ. ಬಾಸ್ಕೆಟ್‌ಬಾಲ್ ಎಂದರೆ ಎತ್ತರದವರು ಸುಮ್ಮನೆ ಓಡಾಡುವುದು ಎಂದು ತಿಳಿದಿದ್ದ ನಾನು ಕೆಲಸವಿಲ್ಲದ ಶನಿವಾರಗಳಲ್ಲೂ ಆಫೀಸಿಗೆ ಹೋಗಿ ಅವರನ್ನು ನೋಡುತ್ತ ಕೂರತೊಡಗಿದೆ. ಮ್ಯಾಚು ಎಷ್ಟು ನೋಡಿದೆನೋ ಗೊತ್ತಿಲ್ಲ, ಅವರನ್ನಂತೂ ಕಣ್ತುಂಬ ನೋಡಿದೆ.

ಆಟ ಶುರುವಾಗುವ ಮೊದಲು ಒಂದೊಂದೇ ಊರಿನ ಹೆಸರು ಹಿಡಿದು ಕರೆದು, "ಹ್ಯಾಡ್ ಯುವರ್ ಫುಡ್?" ಎಂದು ಕೇಳುವುದು ಅವರ ರೂಢಿ. ಊಟ ಆಯ್ತಾ ಎನ್ನದೆ ಮಾತು ಶುರುಮಾಡುವುದು ಅವರಿಂದ ಆಗುತ್ತಿರಲಿಲ್ಲ. ಕ್ಯಾರೊಲೈನಾದವರು ಮರ್ಯಾದಸ್ಥರು, ಯೆಸ್ ಮ್ಯಾಮ್, ನೋ ಮ್ಯಾಮ್ ಎಂದು ಉತ್ತರ ಕೊಟ್ಟು ಸುಮ್ಮನಾಗುತ್ತಿದ್ದರು. ಬೆಟ್ಟದೂರಿನ ಡ್ವೇನ್ ಮಾತ್ರ ಮನಸ್ಸಿಗೆ ಹಚ್ಚಿಕೊಂಡ. ಹೆಂಗಸೊಬ್ಬರು ವಾರ ವಾರವೂ ಊಟಕ್ಕೆ ಕರೆಯುತ್ತಿದ್ದಾರೆ, ತಾನು ಹೋಗದೆ ಅವಮಾನ ಮಾಡುತ್ತಿದ್ದೇನೆ ಎಂದು ಅವನಿಗೆ ನಿದ್ದೆಯೇ ಬರಲಿಲ್ಲವಂತೆ. ಒಂದು ಮಂಗಳವಾರ ಮೂರೂವರೆ ಗಂಟೆ ಡ್ರೈವ್ ಮಾಡಿಕೊಂಡು, ಇಸ್ತ್ರಿ ಮಾಡಿದ ಶರ್ಟು ತೊಟ್ಟು, ಕೈಯಲ್ಲಿ ಪೀಚ್ ಹಣ್ಣಿನ ಪೈ ಹಿಡಿದು ನಮ್ಮ ರಿಸೆಪ್ಷನ್ನಿನಲ್ಲಿ ನಿಂತಿದ್ದ. ಊಟಕ್ಕೆ ಬಂದಿದ್ದೇನೆ, ತಡವಾದದ್ದಕ್ಕೆ ಕ್ಷಮಿಸಬೇಕು ಎಂದ.

ಆಂಟಿ ಒಂದು ಗಳಿಗೆ ಕಣ್ಣು ಕಣ್ಣು ಬಿಟ್ಟರು. ನಾನು ಮೇಜಿನ ಕೆಳಗೆ ಮುಖ ಮುಚ್ಚಿಕೊಂಡು ನಗುತ್ತಿದ್ದೆ. ಅವರು ಮಾತ್ರ ಒಂಚೂರೂ ಬಿಟ್ಟುಕೊಡಲಿಲ್ಲ. ನೀನು ಬರುತ್ತೀಯ ಅಂತ ಕಾಯ್ತಾನೇ ಇದ್ದೆ ಎಂದು ಅವನಿಗೆ ಇಂಗ್ಲಿಷಿನಲ್ಲಿ ಹೇಳಿ, ನನ್ನ ಕಡೆ ತಿರುಗಿ ಕನ್ನಡದಲ್ಲಿ, "ನಮ್ಮನೆಯವರಿಗೆ ಫೋನ್ ಮಾಡು. ಫ್ರೀಜರಲ್ಲಿರೋ ಮಟನ್ ಆಚೆ ತೆಗೀಲಿ ಅನ್ನು, ಬೇಗ" ಎಂದರು. ಡ್ವೇನ್ ಆ ದಿನ ಮೂರು ಸಲ ಬಿರಿಯಾನಿ ಹಾಕಿಸಿಕೊಂಡ, ನಾಲ್ಕನೆಯದನ್ನು ಡಬ್ಬಿಯಲ್ಲಿ ಒಯ್ದ. ಸುದ್ದಿ ಲೈನಿನಲ್ಲಿ ಹಬ್ಬಿ ಉಳಿದ ಹತ್ತು ಊರಿನವರು ಮುನಿಸಿಕೊಂಡರು. ಕಡಲ ತೀರದ ಸ್ಟೇಷನ್ನಿನ ಷೆರಿಲ್ ಎಂಬಾಕೆಯಂತೂ, ನನ್ನನ್ನು ಏಳು ವರ್ಷದಿಂದ ಕೇಳುತ್ತಿದ್ದೀರಿ, ಒಂದು ತುತ್ತೂ ಹಾಕಿಲ್ಲ ಎಂದು ನೇರವಾಗಿಯೇ ಕೇಳಿದಳು. ಅಲ್ಲಿಂದ ಮುಂದೆ ಸೀಸನ್ ಶುರುವಾಗುವ ಹಿಂದಿನ ಭಾನುವಾರ ಆಂಟಿಯ ಮನೆಯಲ್ಲಿ ಬರಲಾದವರಿಗೆಲ್ಲ ಊಟ ಎಂದಾಯಿತು.

ಇಷ್ಟು ಹುಚ್ಚು ಎಲ್ಲಿಂದ ಬಂತು ಎಂದು ಒಮ್ಮೆ ಕೇಳಿದ್ದೆ. ಮೈಸೂರಿನಲ್ಲಿ ಕಾಲೇಜು ಟೀಮಿಗೆ ಆಡುತ್ತಿದ್ದರಂತೆ. ಮಣ್ಣಿನ ಕೋರ್ಟು, ಸಲ್ವಾರಿನ ಮೇಲೆ ಜರ್ಸಿ, ಅಪ್ಪನಿಗೆ ಗೊತ್ತು, ಅಜ್ಜಿಗೆ ಗೊತ್ತಿಲ್ಲ. ಆಟದಷ್ಟೇ ಕೋಪವೂ ಚುರುಕಾಗಿದ್ದರಿಂದ ಐದು ಫೌಲಾಗಿ ಹೊರಗೆ ಕೂರುವುದು ಮಾಮೂಲು. ಆಗ ಗೋಡೆ ಗಡಿಯಾರವೂ ಇಲ್ಲ, ಸ್ಕೋರ್‌ಬೋರ್ಡೂ ಇಲ್ಲ. ಬೆಂಚಿನಲ್ಲಿ ಕೂತವರು ಕೈಗಡಿಯಾರ ನೋಡಿ ಕೊನೆಯ ಸೆಕೆಂಡುಗಳನ್ನು ಕೂಗಬೇಕಿತ್ತು. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಯೂನಿವರ್ಸಿಟಿ ಫೈನಲ್ಲಿನಲ್ಲೂ ಹಾಗೇ ಹೊರಗೆ ಕೂತರು. ಒಂದು ಪಾಯಿಂಟಿನಿಂದ ಸೋತರು. ಮುಂದಿನ ತಿಂಗಳು ಮದುವೆ ಗೊತ್ತಾಯಿತು. ಆಮೇಲೆ ಕೋರ್ಟಿಗೆ ಇಳಿದದ್ದೇ ಇಲ್ಲ.

"ಬೇಜಾರಾಗಲ್ವಾ ಆಂಟಿ?"

"ಯಾಕೆ ಬೇಜಾರು? ಈಗ ಆಡ್ತಿಲ್ವಾ? ನಾನು ಒಂದು ಅನ್ನೋವರೆಗೂ ಯಾರೂ ಗುಂಡಿ ಒತ್ತೋ ಹಾಗಿಲ್ಲ. ಹನ್ನೊಂದು ಜನರ ಟೀಮ್ ನಂದು" ಎಂದರು.

ಎಣಿಕೆಯಲ್ಲಿ ಏನು ಮಹಾ ಇದೆ ಎಂದು ನಾನೂ ಮೊದಮೊದಲು ಅಂದುಕೊಂಡಿದ್ದೆ. ಮಹಾ ಇರುವುದು ಎಣಿಸುವುದಕ್ಕೆ ಮೊದಲು. ಆಟ ಯಾವಾಗ ನಿಲ್ಲುತ್ತದೋ ಕೋಚ್‌ಗಳ ಮರ್ಜಿ. ಇವರು ಒಬ್ಬೊಬ್ಬ ಕೋಚಿನ ಜಾತಕವನ್ನೂ ಬಲ್ಲವರು. "ಈಯಪ್ಪ ಟೈಮ್‌ಔಟ್ ಕರೆಯೋ ಮುಂಚೆ ಕೋಟಿನ ಗುಂಡಿ ಬಿಚ್ತಾನೆ ನೋಡು" ಎನ್ನುವರು, ಆತ ಬಿಚ್ಚುವನು. "ಆಯಮ್ಮ ನೀರಿನ ಬಾಟ್ಲಿ ನೆಲಕ್ಕಿಟ್ರೆ ಮುಗೀತು" ಎನ್ನುವರು, ಆಕೆ ಇಡುವಳು. ಅರ್ಧ ನಿಮಿಷ ಮೊದಲೇ ಹನ್ನೊಂದು ಊರಿಗೂ ಎಚ್ಚರಿಕೆ ಹೋಗುತ್ತಿತ್ತು. ಈಚೆಗೆ ಆ ಸ್ಟೇಷನ್‌ಗಳಲ್ಲಿ ಒಬ್ಬೊಬ್ಬರೇ ಆಪರೇಟರು ಮೂರು ನಾಲ್ಕು ಚಾನೆಲ್ ನೋಡಿಕೊಳ್ಳುತ್ತಾರೆ. ಬೇರೆ ಚಾನೆಲ್ಲಿನ ಅಡುಗೆ ಕಾರ್ಯಕ್ರಮದ ಮುಂದೆ ತೂಕಡಿಸುತ್ತಿದ್ದವನನ್ನು ಹೆಸರು ಹಿಡಿದು ಎಬ್ಬಿಸುವುದೂ ಇವರದೇ ಕೆಲಸವಾಗಿತ್ತು.

ನಾನು ಸೇರಿದ ನಾಲ್ಕನೆಯ ಸೀಸನ್ನಿನಲ್ಲಿ ಪೆಟ್ಟಿಗೆ ಬಂತು. ಟಿಫನ್ ಕ್ಯಾರಿಯರಿನಷ್ಟು ದೊಡ್ಡದು. ಮ್ಯಾಚ್ ನಡೆಯುವ ಕಡೆ ನಿಂತ ನಮ್ಮ ಟ್ರಕ್ಕಿನಿಂದ ಸದ್ದಿಲ್ಲದ ಒಂದು ಸಿಗ್ನಲ್ ಬಂದರೆ ಆಫೀಸಿನಲ್ಲಿ ಕೂತ ಪೆಟ್ಟಿಗೆ ಅದನ್ನು ದಾಟಿಸುತ್ತದೆ, ಹನ್ನೊಂದು ಊರಿನಲ್ಲೂ ಜಾಹೀರಾತು ತಾನೇ ಶುರುವಾಗುತ್ತದೆ. ಎಣಿಸುವವರೂ ಬೇಡ, ಒತ್ತುವವರೂ ಬೇಡ. ಅಟ್ಲಾಂಟಾದ ನಮ್ಮ ಬಾಸ್ ಕೆಟ್ಟವನಲ್ಲ, ಎಲ್ಲರ ಹುಟ್ಟುಹಬ್ಬಕ್ಕೂ ತಪ್ಪದೆ ಈಮೇಲ್ ಕಳಿಸುವ ಹುಡುಗ. ಮಾರ್ಚ್ ತಿಂಗಳ ಟೂರ್ನಮೆಂಟಿನ ಸೆಮಿಫೈನಲ್ಲಿಗೆ ತಾನೇ ಡರ್ಹಮ್‌ಗೆ ಬರುತ್ತೇನೆ, ಆ ದಿನ ಪೆಟ್ಟಿಗೆಯನ್ನೂ ಓಡಿಸೋಣ, ಆಂಟಿಯೂ ಎಣಿಸಲಿ, ಗುಂಡಿ ಒತ್ತುವುದು ಅವರ ದನಿಗೇ ಇರಲಿ, ಪೆಟ್ಟಿಗೆಯ ಸಿಗ್ನಲ್ಲನ್ನು ಕಾಗದದ ಮೇಲೆ ಹೋಲಿಸೋಣ ಎಂದ. ದನಿಯಿಂದ ಆಗುವುದೇನಾದರೂ ಪೆಟ್ಟಿಗೆಯಿಂದ ಆಗದಿದ್ದರೆ ಆಂಟಿಯ ಕೆಲಸ ಉಳಿಯುತ್ತದೆ. ಇಲ್ಲದಿದ್ದರೆ ಅದೇ ಕೊನೆಯ ಸೀಸನ್.

ಅವತ್ತು ಸಂಜೆ ಆಂಟಿಯನ್ನು ನನ್ನ ಕಾರಿನಲ್ಲೇ ಮನೆಗೆ ಬಿಟ್ಟೆ. ದಾರಿಯುದ್ದಕ್ಕೂ ಬೆರಳು ಮಡಿಸಿ ಏನೋ ಲೆಕ್ಕ ಹಾಕುತ್ತಿದ್ದರು. ಕೊನೆಗೆ, "ನಂಗೆ ಅರವತ್ಮೂರು ಕಣೆ. ರಿಟೈರ್ ಆಗಕ್ಕೆ ಭಯ ಇಲ್ಲ. ಆದ್ರೆ ಆಟ ನಡೀತಿರೋವಾಗ ಆಚೆ ಕೂರಿಸ್ಕೊಳ್ಳಕ್ಕೆ ಆಗಲ್ಲ. ಒಂದ್ಸಲ ಕೂತಿದೀನಿ, ಸಾಕು" ಎಂದರು. ಸಮಾಧಾನಕ್ಕೆ ಏನಾದರೂ ಹೇಳೋಣವೆಂದರೆ, ಅಷ್ಟರಲ್ಲಿ ನಾನು ತಪ್ಪು ಎಕ್ಸಿಟ್ ತೆಗೆದುಕೊಂಡೆನೆಂದು ಬೈಯಲು ಶುರುಮಾಡಿದ್ದರು.

ಆ ವರ್ಷ ರಂಜಾನ್ ಮತ್ತು ಟೂರ್ನಮೆಂಟ್ ಒಟ್ಟಿಗೆ ಬಂದವು. ಸೆಮಿಫೈನಲ್ಲಿನ ದಿನ ಆಂಟಿ ಬೆಳಗಿನಿಂದ ಹನಿ ನೀರು ಕುಡಿದಿರಲಿಲ್ಲ. ಮ್ಯಾಚ್ ಐದಕ್ಕೆ, ಮುಗಿಯುವಷ್ಟರಲ್ಲಿ ಸೂರ್ಯ ಮುಳುಗುತ್ತಾನೆ ಎಂದು ಲೆಕ್ಕ ಹಾಕಿ ಮೇಜಿನ ಮೇಲೆ ಒಂದು ತಟ್ಟೆ ಖರ್ಜೂರ, ಒಂದು ಲೋಟ ನೀರು ಇಟ್ಟುಕೊಂಡಿದ್ದರು. ಬಾಸ್ ಹಿಂದೆ ನೋಟ್‌ಬುಕ್ ಹಿಡಿದು ನಿಂತಿದ್ದ. ನಾನು ಪೆಟ್ಟಿಗೆಯ ಮುಂದೆ ಕೂತು ಅದರ ಹಸಿರು ದೀಪವನ್ನು ದುರುಗುಟ್ಟಿ ನೋಡುತ್ತಿದ್ದೆ, ಆರಿಹೋಗಲಿ ಎಂದು. ಅದು ಆರಲಿಲ್ಲ. ಬ್ರೇಕಿನಿಂದ ಬ್ರೇಕಿಗೆ ಆಂಟಿಯೂ ಸರಿ, ಪೆಟ್ಟಿಗೆಯೂ ಸರಿ.

ಆಟ ಸಮವಾಗಿ ಹೆಚ್ಚುವರಿ ಸಮಯಕ್ಕೆ ಹೋಯಿತು. ಏಳು ಗಂಟೆ ದಾಟಿತು. ಲೈನಿನಲ್ಲಿ ಮೊದಲು ಬಾಯಿ ಬಿಟ್ಟವಳು ಕಡಲ ತೀರದ ಷೆರಿಲ್. ಮ್ಯಾಮ್, ಇಲ್ಲಿ ಸೂರ್ಯ ಮುಳುಗಿದ, ಹಣ್ಣು ತಿನ್ನಿ ಎಂದಳು. ನಿಮ್ಮೂರಲ್ಲಿ ಮುಳುಗಿದರೆ ನನಗಾಗುವುದಿಲ್ಲ ಎಂದು ಆಂಟಿ ಆಟದಿಂದ ಕಣ್ಣು ತೆಗೆಯದೆ ಹೇಳಿದರು. ಹಾಗಾದರೆ ಡರ್ಹಮ್‌ನಲ್ಲಿ ಎಷ್ಟಕ್ಕೆ ಎಂದು ಇನ್ನೊಬ್ಬ ಕೇಳಿದ. ಯಾವುದೋ ಊರಿನ ಹವಾಮಾನ ಹೇಳುವಾತನನ್ನೇ ಫೋನಿಗೆ ಎಳೆದು ತಂದರು. ಇನ್ನು ಮೂರು ನಿಮಿಷ ಎಂದು ಆತ ಗಂಭೀರವಾಗಿ ಘೋಷಿಸಿದ. ಬೆಟ್ಟದಲ್ಲಿ ಇನ್ನೂ ಬಿಸಿಲಿದೆ ಎಂದು ಡ್ವೇನ್ ಹೇಳಿದಾಗ ಎಲ್ಲರೂ ಅವನ ಬಾಯಿ ಮುಚ್ಚಿಸಿದರು. ಬಾಸ್ ಬರೆಯುವುದನ್ನು ನಿಲ್ಲಿಸಿ ಸುಮ್ಮನೆ ಕೇಳುತ್ತಿದ್ದ. ಮೂರು ನಿಮಿಷ ಆಗುತ್ತಲೂ ಹತ್ತಾರು ದನಿಗಳು ಒಟ್ಟಿಗೆ ಈಗ, ಈಗ ಎಂದವು. ಆಂಟಿ ಕಣ್ಣು ಮುಚ್ಚಿ, ತುಟಿಯಲ್ಲೇ ಪ್ರಾರ್ಥನೆ ಹೇಳಿಕೊಂಡು, ಒಂದು ಖರ್ಜೂರ ಬಾಯಿಗಿಟ್ಟರು.

ಕಣ್ಣು ಬಿಡುವಷ್ಟರಲ್ಲಿ ಕೋಚ್ ಕೋಟಿನ ಗುಂಡಿ ಬಿಚ್ಚುತ್ತಿದ್ದ.

ಹದಿನಾಲ್ಕು ಗಂಟೆ ಒಣಗಿದ ಬಾಯಿ, ಅದರ ತುಂಬ ಖರ್ಜೂರ, ಎರಡೂ ಟೀಮು ಸಮ, ಆಟ ಮುಗಿಯಲು ಇಪ್ಪತ್ತು ಸೆಕೆಂಡು. ಇಂಗ್ಲಿಷು ಎಲ್ಲಿ ಹೋಯಿತೋ ಏನೋ. ಮೈಸೂರಿನ ಮಣ್ಣಿನ ಕೋರ್ಟಿನ ಬೆಂಚಿನಲ್ಲಿ ಕೂತ ಹುಡುಗಿಯ ದನಿ ಬಂತು. "ಐದು! ನಾಲ್ಕು! ಮೂರು! ಎರಡು! ಒಂದು!"

ಬಾಸ್ ಗೋಡೆಯ ಮೇಲಿನ ಹನ್ನೊಂದು ಸಣ್ಣ ಪರದೆಗಳ ಕಡೆ ಓಡಿದ. ಹನ್ನೊಂದರಲ್ಲೂ ಒಂದೇ ಸಲಕ್ಕೆ ಟೈರು, ಹಲ್ಲು, ಸೋಫಾ ಬಂದಿದ್ದವು. ಒಬ್ಬರೂ ಮುಂದಿಲ್ಲ, ಒಬ್ಬರೂ ಹಿಂದಿಲ್ಲ. ಹೇಗೆ ತಿಳಿಯಿತು ಎಂದು ಬಾಸ್ ಲೈನಿನಲ್ಲೇ ಕೇಳಿದ. ಆಕೆ ಹೇಳುವ ರೀತಿ ನಮಗೆ ಗೊತ್ತು, ಯಾವ ಭಾಷೆಯಾದರೇನು ಎಂದ ಡ್ವೇನ್. ನಾನು ಕುರ್ಚಿಯ ಮೇಲೆ ಹತ್ತಿ ಕೂಗಿದೆ. ಆಂಟಿ ಬಾಯಲ್ಲಿದ್ದ ಬೀಜವನ್ನು ಎಲ್ಲಿ ಉಗಿಯುವುದೆಂದು ತಿಳಿಯದೆ ಬಾಸ್‌ನ ಕಾಫಿ ಕಪ್ಪಿಗೆ ಹಾಕಿದರು.

ಇಷ್ಟೆಲ್ಲ ಆದ ಮೇಲೆ ಗೆದ್ದೆವೆಂದೇ ನಾನು ತಿಳಿದಿದ್ದೆ. ವಾರದ ನಂತರ ಈಮೇಲ್ ಬಂತು. ಇಬ್ಬರದೂ ಒಂದೇ ಒಂದು ತಪ್ಪಿಲ್ಲ, ಸಮ ಸಮ. ಸಮ ಸಮವಾದರೆ ಪೆಟ್ಟಿಗೆ ಸಾಕು. ನನಗೆ ಬಂದ ಸಿಟ್ಟಿಗೆ ಆ ಟಿಫನ್ ಕ್ಯಾರಿಯರನ್ನು ಎತ್ತಿ ಪಾರ್ಕಿಂಗ್ ಲಾಟಿಗೆ ಎಸೆಯಬೇಕೆನ್ನಿಸಿತ್ತು. ಆಂಟಿ ಈಮೇಲನ್ನು ಎರಡು ಸಲ ಓದಿ, ಶೂ ಲೇಸು ಬಿಗಿದುಕೊಂಡು, "ಹೋಗ್ಲಿ ಬಿಡೆ, ಫೌಲ್ ಆಗಿ ಹೋಗ್ತಿಲ್ವಲ್ಲ" ಎಂದರು. ಮುಖ ಮಾತ್ರ ಆ ಕಡೆ ತಿರುಗಿಸಿಕೊಂಡಿದ್ದರು.

ಮೇ ತಿಂಗಳಲ್ಲಿ ಗಂಡ ಹೆಂಡತಿ ಇಬ್ಬರೂ ಮೇರಿಲ್ಯಾಂಡಿನ ಗೈದರ್ಸ್‌ಬರ್ಗ್‌ನಲ್ಲಿದ್ದ ಮಗಳ ಮನೆಗೆ ಹೋದರು. ಮಗಳು ಅಲ್ಲಿ ಯಾವುದೋ ಲ್ಯಾಬಿನಲ್ಲಿ ವಿಜ್ಞಾನಿ. ವಾರಕ್ಕೊಮ್ಮೆ ನನಗೆ ಫೋನ್ ಬರುತ್ತಿತ್ತು. "ಇಲ್ಲಿ ಎಲ್ಲಾರೂ ವಾಕಿಂಗ್ ಹೋಗು, ವಾಕಿಂಗ್ ಹೋಗು ಅಂತಾರೆ. ಎಲ್ಲಿಗೆ ಅಂತ ಹೋಗ್ಲಿ? ಹೋದ್ರೆ ವಾಪಸ್ ಬರ್ಬೇಕು ತಾನೆ?" ಎನ್ನುತ್ತಿದ್ದರು. ಹಿಂದಿನಿಂದ ಹತ್ತು ವರ್ಷದ ಮೊಮ್ಮಗಳ ದನಿ, "ನಾನೀ, ಯೂ ಆರ್ ಯೆಲ್ಲಿಂಗ್ ಅಗೇನ್."

ನವೆಂಬರಿನಲ್ಲಿ ಹೊಸ ಸೀಸನ್ ಶುರುವಾಯಿತು. ಹಳೆಯ ಫೋನ್ ಲೈನನ್ನು ಮುಚ್ಚಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಮರೆತೇ ಬಿಟ್ಟಿದ್ದೆ. ಎರಡನೆಯ ಶನಿವಾರ ಮ್ಯಾಚ್ ನಡೆಯುತ್ತಿರುವಾಗ ನೆನಪಾಗಿ, ಮುಚ್ಚೋಣವೆಂದು ಕಂಪ್ಯೂಟರಿನಲ್ಲಿ ತೆರೆದು ನೋಡಿದರೆ ಲೈನಿನಲ್ಲಿ ಹನ್ನೆರಡು ಜನ ಇದ್ದಾರೆ. ಹನ್ನೊಂದು ನಂಬರು ಗೊತ್ತಿದ್ದವು. ಹನ್ನೆರಡನೆಯದು ಮೇರಿಲ್ಯಾಂಡಿನದು. ಡಯಲ್ ಮಾಡಿ ಕಿವಿಗಿಟ್ಟೆ. ಅತ್ತ ಕಡೆ ಯಾರೋ ರೆಫರಿಯ ಇಡೀ ವಂಶವನ್ನು ಕನ್ನಡದಲ್ಲಿ ಜಾಲಾಡುತ್ತಿದ್ದರು.

"ಆಂಟೀ!" ಎಂದೆ.

"ಶ್! ಫ್ರೀ ಥ್ರೋ ಇದೆ."

ಆಮೇಲೆ ಎಲ್ಲ ತಿಳಿಯಿತು. ಆಪರೇಟರುಗಳು ಕೈ ಕಟ್ಟಿ ಕೂತು ಬೇಜಾರಾಗಿ, ಮೊದಲ ದಿನವೇ ರೂಢಿಯಂತೆ ಹಳೆಯ ನಂಬರಿಗೆ ಡಯಲ್ ಮಾಡಿದ್ದರು. ಗೈದರ್ಸ್‌ಬರ್ಗ್‌ನಲ್ಲಿ ಆಂಟಿಗೂ ಅದೇ ರೂಢಿ. ಒಬ್ಬರಿಗೊಬ್ಬರು ಹೇಳಿಕೊಂಡಿರಲಿಲ್ಲ. ಈಗ ಶನಿವಾರ ಶನಿವಾರ ಎಲ್ಲರೂ ಒಟ್ಟಿಗೆ ಆಟ ನೋಡುತ್ತಿದ್ದರು, ಜಾಹೀರಾತು ಪೆಟ್ಟಿಗೆಯ ಪಾಡಿಗೆ ಬಂದು ಹೋಗುತ್ತಿತ್ತು. ಲೈನ್ ಮುಚ್ಚಿಸಿದೆಯಾ ಎಂದು ಬಾಸ್ ಕೇಳಿದಾಗ ಈ ವಾರ ನೋಡುತ್ತೇನೆ ಎಂದೆ. ಪ್ರತಿ ವಾರವೂ ಅವನು ಕೇಳುತ್ತಿದ್ದ, ಪ್ರತಿ ವಾರವೂ ನಾನು ನೋಡುತ್ತಿದ್ದೆ.

ಜನವರಿಯ ಒಂದು ಶನಿವಾರ ಹಿಮದ ಜೊತೆ ಮಂಜುಗಡ್ಡೆಯ ಮಳೆ ಬಿತ್ತು. ಆಟದ ಎರಡನೆಯ ಅರ್ಧ ಶುರುವಾದ ಕೂಡಲೇ ನನ್ನ ಮುಂದಿದ್ದ ಹಸಿರು ದೀಪ ಆರಿತು. ಟ್ರಕ್ಕಿನ ಹತ್ತಿರ ಯಾವುದೋ ಕೇಬಲ್ ಹೋಗಿತ್ತು. ಆಟದ ಚಿತ್ರ, ದನಿ ಹೋಗುತ್ತಿವೆ, ಪೆಟ್ಟಿಗೆಯ ಸಿಗ್ನಲ್ ಮಾತ್ರ ಇಲ್ಲ. ಎಂಜಿನಿಯರ್ ಜಾರುವ ರಸ್ತೆಯಲ್ಲಿ ಎಲ್ಲೋ ಸಿಕ್ಕಿಕೊಂಡಿದ್ದ. ಹಿಂದೆ ಆರಲೆಂದು ಹರಸಿದ ದೀಪಕ್ಕೆ ಈಗ ಹತ್ತಿಕೋ ಹತ್ತಿಕೋ ಎಂದು ಬೇಡಿಕೊಂಡೆ. ಆಮೇಲೆ ಲೈನಿಗೆ ಹಾರಿದೆ.

"ಆಂಟಿ, ಪೆಟ್ಟಿಗೆ ಸತ್ತಿದೆ!"

"ಗೊತ್ತು, ಡ್ವೇನ್ ಹೇಳ್ದ. ನೀನು ಸುಮ್ನಿರು."

ಒಂದು ದೊಡ್ಡ ತೊಡಕಿತ್ತು. ಮಗಳ ಮನೆಯಲ್ಲಿ ಆಂಟಿ ಆಟ ನೋಡುತ್ತಿದ್ದದ್ದು ಆ್ಯಪಿನಲ್ಲಿ. ಆ್ಯಪಿನ ಚಿತ್ರ ನಿಜವಾದ ಆಟಕ್ಕಿಂತ ಅರ್ಧ ನಿಮಿಷ ಹಿಂದೆ. ಅದನ್ನು ನೋಡಿ ಎಣಿಸಿದರೆ ಹನ್ನೊಂದು ಊರೂ ಮುಳುಗಿದಂತೆ. ಅವರು ಮೊಮ್ಮಗಳಿಗೆ, "ಆರ್ಸು ಅದನ್ನ" ಎಂದರು. ಷೆರಿಲ್‌ಗೆ ಫೋನನ್ನು ಅವಳ ಸ್ಟೇಷನ್ನಿನ ಸ್ಪೀಕರಿಗೆ ಹಿಡಿಯಲು ಹೇಳಿದರು. ಆಮೇಲೆ ಚಿತ್ರವೇ ಇಲ್ಲದೆ, ಬರೀ ಕಿವಿಯಿಂದ, ಆಟ ನೋಡತೊಡಗಿದರು.

ಶೂಗಳ ಕಿರ್ರೆನ್ನುವ ಸದ್ದು, ಜನರ ಕೂಗು, ಕಾಮೆಂಟರಿಯವನು ಬ್ರೇಕಿಗೆ ಹೋಗುವ ಮುನ್ನ ಎಳೆದುಕೊಳ್ಳುವ ಉಸಿರು, ಇಷ್ಟೇ ಅವರಿಗೆ ಸಿಕ್ಕಿದ್ದು. "ಎಲ್ಲಾರೂ ಎದ್ದಿದೀರಾ?" ಎಂದು ಇಂಗ್ಲಿಷಿನಲ್ಲಿ ಕೇಳಿ, ಊರೂರು ಹೆಸರು ಹಿಡಿದು ಕರೆದು, ಎಣಿಸಿದರು. ಹನ್ನೊಂದು ಬೆರಳು ಒತ್ತಿದವು. ಒಂದಲ್ಲ, ಆ ದಿನ ಐದು ಬ್ರೇಕು. ನಾನು ಗೋಡೆಯ ಪರದೆಗಳ ಮುಂದೆ ನಿಂತು ಪ್ರತಿ ಸಲವೂ ಉಸಿರು ಬಿಗಿಹಿಡಿದೆ, ಪ್ರತಿ ಸಲವೂ ಹನ್ನೊಂದೂ ಒಟ್ಟಿಗೆ ಬದಲಾದವು. ಐದನೆಯದಾದ ಮೇಲೆ ನಾನು ನಿಜಕ್ಕೂ ಕುಣಿದೆ, ಸ್ವೆಟರು ಬಿಚ್ಚಿ ತಲೆಯ ಮೇಲೆ ತಿರುಗಿಸಿದೆ. ಆಫೀಸಿನಲ್ಲಿ ಬೇರೆ ಯಾರೂ ಇರಲಿಲ್ಲವೆಂಬುದೇ ಪುಣ್ಯ. ಆ ಹೊತ್ತಿಗೆ ಆಂಟಿ ಮಗಳ ಮನೆಯ ಹಾಲಿನಲ್ಲಿ ಆ ಗೋಡೆಯಿಂದ ಈ ಗೋಡೆಗೆ ಓಡಾಡಿ ಬೆವರು ಒರೆಸಿಕೊಳ್ಳುತ್ತಿದ್ದರೆಂದು ಮಗಳು ಆಮೇಲೆ ಹೇಳಿದಳು.

ಎಂಜಿನಿಯರ್ ಸೋಮವಾರ ಕೇಬಲ್ ಬದಲಿಸಿದ. ಸಿಗ್ನಲ್ ಹೋಗಿತ್ತು ಎಂದು ಅವನಿಗೆ ಹೇಳಿದೆ. ಯಾವ ಊರಿನಲ್ಲೂ ಜಾಹೀರಾತು ತಪ್ಪಿಲ್ಲವಲ್ಲ, ಹಾಗಾದರೆ ಬರೆಯುವುದೇನಿದೆ ಎಂದು ಅವನು ತಲೆ ಕೆರೆದುಕೊಂಡ. ಸೀಸನ್ನಿನ ವರದಿ ತಯಾರಾಗುವುದು ಸ್ಟೇಷನ್‌ಗಳು ಕಳಿಸುವ ಪಟ್ಟಿಯಿಂದ. ಹನ್ನೊಂದು ಪಟ್ಟಿಯಲ್ಲೂ ಎಲ್ಲ ಸರಿಯಾಗಿತ್ತು. ಬಾಸ್‌ಗೆ ನಾನಂತೂ ಹೇಳಲಿಲ್ಲ, ಹೇಳಿದರೆ ಲೈನ್ ಇನ್ನೂ ಇದೆಯೆಂದು ಗೊತ್ತಾಗಿ ಮುಚ್ಚಿಸಿಬಿಡುತ್ತಿದ್ದ.

ಏಪ್ರಿಲಿನಲ್ಲಿ ಅಟ್ಲಾಂಟಾದ ಒಂದು ಹೋಟೆಲಿನಲ್ಲಿ ವಾರ್ಷಿಕ ಮೀಟಿಂಗ್. ನೂರಕ್ಕೂ ಮೇಲ್ಪಟ್ಟು ಜನ. ಬಾಸ್ ವೇದಿಕೆಯ ಮೇಲೆ ಪೆಟ್ಟಿಗೆಯ ದೊಡ್ಡ ಫೋಟೋ ತೋರಿಸಿ, ಇಡೀ ಸೀಸನ್ನಿನಲ್ಲಿ ಒಂದೇ ಒಂದು ಬ್ರೇಕೂ ತಪ್ಪಿಲ್ಲ, ಕಂಪನಿಯ ಚರಿತ್ರೆಯಲ್ಲೇ ಹೀಗಾದದ್ದಿಲ್ಲ ಎಂದ. ಜನ ಚಪ್ಪಾಳೆ ತಟ್ಟಿದರು. ನಾನು ಎದ್ದು ನಿಂತು ಅಂಗೈ ಉರಿಯುವ ಹಾಗೆ ತಟ್ಟಿದೆ. ಬಾಸ್‌ಗೆ ಬಹಳ ಸಂತೋಷವಾಗಿ ವೇದಿಕೆಯಿಂದಲೇ ನನ್ನ ಕಡೆ ಕೈ ಬೀಸಿದ. ನಾನು ಹಾಗೇ ಬಾಗಿಲು ದೂಡಿಕೊಂಡು ಕಾರಿಡಾರಿಗೆ ಬಂದು ಗೈದರ್ಸ್‌ಬರ್ಗ್‌ಗೆ ಫೋನ್ ಮಾಡಿದೆ.

"ಆಂಟಿ, ಈಗ ತಾನೆ ಒಂದ್ ಹಾಲ್ ತುಂಬ ಜನ ನಿಮಗೆ ಚಪ್ಪಾಳೆ ತಟ್ಟಿದ್ರು."

"ನಂಗಾ? ಯಾಕೆ?"

ಹೇಳಿದೆ. ಅವರು ನಕ್ಕ ಸದ್ದಿಗೆ ಏನಾಯ್ತು ಏನಾಯ್ತು ಎಂದು ಗಂಡ ಓಡಿಬಂದದ್ದು ನನಗೇ ಕೇಳಿಸಿತು. ನಕ್ಕು ನಕ್ಕು ಸುಸ್ತಾಗಿ, ಆಮೇಲೆ ಕೇಳಿದರು. "ಯಾರಾದ್ರೂ ಎದ್ದು ನಿಂತ್ರಾ?"

"ಒಬ್ಬರು ನಿಂತ್ರು."

"ಯಾರೆ?"

"ನಾನೇ ಆಂಟಿ."

ಅತ್ತ ಕಡೆಯಿಂದ ಮೂಗು ಒರೆಸಿಕೊಂಡ ಸದ್ದು ಕೇಳಿಸಿತು.

"ಸರಿ, ಬೇಗ ಒಳಗ್ ಹೋಗಿ ಕೂತ್ಕೊ ಬೇಟಾ," ಎಂದರು. "ಜಾಸ್ತಿ ಹೊತ್ತು ಆಚೆ ಇದ್ರೆ ಅನುಮಾನ ಬರುತ್ತೆ. ನಮಗೆ ನವೆಂಬರಲ್ಲಿ ಮತ್ತೆ ಮ್ಯಾಚ್ ಇದೆ."